ಕಪ್ಪತಗುಡ್ಡದ ಹೊನ್ನಿನ ಪೂರ್ವಚರಿತ್ರೆ

ಗದಗ ಪಟ್ಟಣದ ಸಮೀಪದಲ್ಲಿರುವ ಬಿಂಕದಕಟ್ಟಿಯಿಂದ ಮೊದಲ್ಗೊಂಡು ಆಗ್ನೇಯ ದಿಕ್ಕಿಗೆ ಶಿರಹಟ್ಟಿ ಮುಂಡರಗಿ ತಾಲೂಕುಗಳನ್ನು ಹಾಯ್ದು, ತುಂಗಭದ್ರೆಯ ತಡಿಯಲ್ಲಿರುವ ಸಿಂಗಟಾಲೂರಿನವರೆಗೆ ೬೦ ಕಿಲೊಮೀಟರಿಗೂ ಮಿಕ್ಕು ಹಬ್ಬಿರುವ ಗುಡ್ಡಸಾಲಿಗೆ ಕಪ್ಪತಗುಡ್ಡವೆಂದು ಹೆಸರು. ಪಡುವಲಲ್ಲಿ ಹಿಂದೆ ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರದ ಸೀಮೆ, ಮೂಡಲಲ್ಲಿ ಡಂಬಳ ಮುಂಡರಗಿಗಳ ಎರೆಯ ಹೊಲಗಳು; ನಡುವೆ ಈ ಸಾಲು ಹಾಸಿಕೊಂಡಿದೆ. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಈ ಒಂದು ಗಿರಿಯನ್ನು ನೋಡುವುದು ಲೇಸೆಂದು ಸುತ್ತಲಿನ ಜನರು ಹೇಳುತ್ತಾರೆ. ಈ ಗುಡ್ಡದ ವಿಷಯದಲ್ಲಿ ಎರಡು ಪ್ರತೀತಿಗಳು ಬಹುಕಾಲದಿಂದ ಬೇರೂರಿವೆ. ಇದರಲ್ಲಿ ಸಿಕ್ಕದ ಔಷಧಿಯ ಬೇರಿಲ್ಲ ಎಂಬುದೊಂದು. ಇದರ ಒಡಲಲ್ಲಿ ಹೊನ್ನು ತುಂಬಿದೆ ಎಂಬುದು ಇನ್ನೊಂದು. ಮೊದಲನೆಯದರ ವಿಚಾರವನ್ನು ವೈದ್ಯರಿಗೆ ಬಿಡಬೇಕು. ಎರಡನೆಯದರಲ್ಲಿ ಹೊನ್ನು ಇದೆಯೆಂಬಷ್ಟು ಮಾತ್ರ ನಿಜ, ತುಂಬಿದೆಯೆಂಬುದು ನಿಜವಲ್ಲ. ಇದ್ದ ಹೊನ್ನು ಎಲ್ಲಿಂದ ಬಂತು, ಯಾವಾಗ ಬಂತು, ಏಕೆ ಇಷ್ಟೇ ಬಂತು ಎಂಬುದನ್ನು ಅರಿತರೆ ಮಾತ್ರ ಈ ಪ್ರತೀತಿಯನ್ನು ಒರೆಗೆ ಹಚ್ಚಲು ಸಾಧ್ಯವಾದೀತು.

ಈ ಹೊನ್ನನ್ನು ಮೊದಲು ಕಂಡವರು ಹೊರದೇಶದ ಭೂಶಾಸ್ತ್ರಜ್ಞರಲ್ಲ, ಜಲಗಾರರೆಂಬ ಬಡಜನರು. ಅಕ್ಕಸಾಲಿಗರ ಅಂಗಡಿಯ ಬೂದಿಯನ್ನೂ ಕಸವನ್ನೂ ತೊಳೆದು ಅದರಲ್ಲಿ ಉಳಿದ ಹೊನ್ನಿನ ಚೂರುಗಳನ್ನು ಆಯುವುದು ಅವರ ಕಸಬು. ದೊಡ್ಡ ಮಳೆಗಳಾಗಿ ಹಳ್ಳಗಳು ಇಳಿದ ಮೇಲೆ ಅವರು ಗುಡ್ಡದ ಬುಡದ ಉಸುಕನ್ನು ಮರದ ಮರಿಗೆಯಲ್ಲಿ ತುಂಬಿ ನೀರಿನಲ್ಲಿ ತೊನೆದು ತೊನೆದು ತೊಳೆಯುತ್ತಿದ್ದರು. ಹಗುರಾದ ಮರಳು ಹರಿದುಹೋಗಿ ಕರಿಯ ಕಬ್ಬಿಣದ ಮರಳು ತಳದಲ್ಲಿ ನಿಲ್ಲುವುದು. ಅದರಂಚಿನಲ್ಲಿ ನಾಲ್ಕೆಂಟು ಕಣಗಳು ಹಳದಿಯಾಗಿ ಹೊಳೆಯುವುವು. ದಿನವೆಲ್ಲ ನಡುಬಗ್ಗಿಸಿ ದುಡಿದವನಿಗೆ ಅದರಿಂದ ಕೂಲಿಗಿಂತ ಹೆಚ್ಚೇನೂ ಹುಟ್ಟುತ್ತಿರಲಿಲ್ಲ. ಜಲಗಾರ ಶಬ್ದಕ್ಕೆ ಕಸ ಗುಡಿಸುವವನೆಂಬ ಅರ್ಥವೇ ಈಗ ಹೆಚ್ಚು ಪರಿಚಿತವಾಗಿದೆ. ಆ ಕಸದಲ್ಲಿ ಹೊನ್ನನ್ನು ಅರಸುತ್ತಿದ್ದನೆಂಬ ಅರ್ಥವು ಇತ್ತಕಡೆ ಇದ್ದಿತೆಂಬುದನ್ನು ಮರೆಯಲಾಗದು.

೧೯ನೆಯ ಶತಮಾನದ ಮೊದಲರ್ಧದಲ್ಲಿ ಮದ್ರಾಸಿನ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬವನು ಈ ಗುಡ್ಡದ ಹೊನ್ನಿನ ವೃತ್ತಾಂತವನ್ನು ಬರೆದನು. ಮುಂದೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿ ಸಂಚರಿಸಿ, ಇ. ಸ. ೧೮೭೪ರಲ್ಲಿ ಡಂಬಳದ ಗುಡ್ಡಗಳ ಹೊನ್ನಿನ ಶಿಲೆಗಳ ಮೇಲೆ ಒಂದು ವರದಿಯನ್ನು ಪ್ರಕಟಿಸಿದರು. ೧೮೬೩ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಹೆಸರಾದವರೂ ಇವರೇ. ಇವರು ಜಲಗಾರರನ್ನೇ ಗುರುಗಳನ್ನಾಗಿ ಮಾಡಿಕೊಂಡು ಹಳ್ಳಹಳ್ಳದ ಉಸುಕನ್ನು ತೊಳೆಸಿ ನೋಡಿದರು. ಎಲ್ಲ ಹಳ್ಳಗಳಲ್ಲಿಯೂ ಹೊನ್ನು ಒಂದೇ ಸಮನಾಗಿ ಇರಲಿಲ್ಲ. ಸೊರಟೂರಿನ ಕಡೆಯ ಹಸುರುಗಪ್ಪು ಶಿಲೆಗಳಲ್ಲಿ ಹುಟ್ಟುವ ಹಳ್ಳಗಳಲ್ಲಿಯೇ ಅದು ಎದ್ದು ಕಾಣಿಸಿತು. ಹೊನ್ನು ಗುಡ್ಡದಲ್ಲೆಲ್ಲ ಚೆಲ್ಲಿದುದಲ್ಲ, ಕೆಲವು ಶಿಲೆಗಳನ್ನು ಆರಿಸಿಕೊಂಡು ಕುಳಿತಿದೆ ಎಂಬುದು ಅಂದೇ ತಿಳಿಯಿತು. ಈ ಜಾತಿಯ ಶಿಲೆಗಳ ಸಮುದಾಯಕ್ಕೆ ಫೂಟ್ ಅವರು ೧೮೮೬ರಲ್ಲಿ ‘ಧಾರವಾಡ’ ಎಂಬ ಹೆಸರನ್ನಿಟ್ಟರು. ಅಂದಿನಿಂದ ಈ ಜಿಲ್ಲೆಯ ಹೆಸರು ಜಗತ್ತಿನ ಭೂಶಾಸ್ತ್ರಗ್ರಂಥಗಳಲ್ಲೆಲ್ಲ ಸೇರಿಹೋಯಿತು. ಪರದೇಶದ ವಿದ್ಯಾರ್ಥಿಯು ಧಾರವಾಡವನ್ನು ಬಲ್ಲನು. ಅದು ಹಿಂದೂಸ್ಥಾನಿ ಸಂಗೀತಕ್ಕೂ ಪೇಡೆಗೂ ಹೆಸರಾದ ಊರೆಂಬುದನ್ನು ಮಾತ್ರ ಅರಿಯನು.

ಕೋಲಾರದ ಗಣಿಗಳು ತುಂಬಿ ತುಳುಕುತ್ತಿದ್ದ ದಿನಗಳವು. ಅದನ್ನು ಕಂಡು ೨೦ನೆಯ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಕಪ್ಪತಗುಡ್ಡಕ್ಕೂ ಬಂದವು. ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿ ಮೊದಲಾದ ಊರುಗಳ ಹೆಸರು ಗಣಿಗಾರರ ಬಾಯಲ್ಲಿ ಆಡಿದವು. ಗುಡ್ಡದ ಕೆಲಭಾಗವು ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ‘ಸಾಂಗಲಿ’ ಎಂಬ ಗಣಿಯ ಹೆಸರಿನಲ್ಲಿ ಅದರ ನೆನಪು ಉಳಿದಿದೆ. ಹಲವೆಡೆ ಹಳೆಯ ಕಾಲದವರು ತೋಡಿಬಿಟ್ಟ ಕುಳಿಗಳೇ ಹೊಸಬರಿಗೆ ದಾರಿ ತೋರಿಸಿದವು. ಆದರೆ ಕೆಲವೇ ವರುಷಗಳಲ್ಲಿ ಉತ್ಸಾಹವು ಇಳಿದು ಕೆಲಸ ನಿಂತಿತು. ಹಾಕಿದ ಹಣಕ್ಕೆ ಹೊನ್ನು ಸಾಲಲಿಲ್ಲ.

ಇಲ್ಲಿ ಒಂದು ಮಾತು. ಚಾಲುಕ್ಯರ ಕಾಲದಲ್ಲಿ ಸೂಡಿಯಲ್ಲಿಯೂ ಲೊಕ್ಕಿಗುಂಡಿಯಲ್ಲಿಯೂ ಟಂಕಸಾಲೆಗಳಿದ್ದುವೆಂದೂ, ಲೊಕ್ಕಿಗದ್ಯಾಣವೆಂಬ ನಾಣ್ಯವು ದೂರದೂರದಲ್ಲಿ ಚಲಾವಣೆಯಲ್ಲಿತ್ತೆಂದೂ ಶಾಸನಗಳಿಂದ ತಿಳಿದುಬರುತ್ತದೆ. ಇದರಿಂದ ಆ ಗದ್ಯಾಣಗಳ ಹೊನ್ನು ಕಪ್ಪತಗುಡ್ಡದ್ದೇ ಎಂದು ಅಭಿಮಾನಿಗಳು ಊಹಿಸುವುದುಂಟು. ನಾಣ್ಯದ ಹೆಸರು ಟಂಕಸಾಲೆಯ ಊರನ್ನು ಹೇಳುತ್ತದೆಯೇ ಹೊರತು ಗಣಿಯ ಊರನ್ನು ಹೇಳುವುದಿಲ್ಲ. ಲಕ್ಕುಂಡಿಗೂ ಈ ಗುಡ್ಡದ ಶಿಲೆಗಳಿಗೂ ಇರುವ ನಂಟು ಬೇರೆಯದು, ಕಣ್ಣಿಗೆ ಕಾಣುವಂಥದು. ೧೦೦೭ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಕಟ್ಟಿಸಿದ ಬ್ರಹ್ಮಜಿನಾಲಯದ ಕಲ್ಲನ್ನು, ಗದಗದ ತ್ರಿಕೂಟೇಶ್ವರನ ಗುಡಿಯ ಕಂಬಗಳನ್ನು ಕೈಯಿಂದ ಮುಟ್ಟಿ ನೋಡಿದವರು ಆ ನುಣುಪಾದ ಹಸುರುಗಪ್ಪು ಕಲ್ಲನ್ನು ಬಲ್ಲರು. ಕ್ಲೋರೈಟೆಂಬ ಹಸುರು ಖನಿಜವು ತುಂಬಿದ ಪದರಶಿಲೆಯದು, ಧಾರವಾಡದ ಶಿಲೆಗಳ ಕುಲಕ್ಕೇ ಸೇರಿದುದು. ಶಿಲ್ಪಿಯ ಉಳಿಗೆ ಬೆಣ್ಣೆಯಂತೆ ಒಗ್ಗಿದ ಈ ಶಿಲಾಕುಲವೇ ಹೊನ್ನನ್ನೂ ಹಿಡಿದಿಟ್ಟುಕೊಂಡಿದೆ.

ಅಂಥ ಶಿಲೆಯು ಹುಟ್ಟಿದುದು ಹೇಗೆ? ಕರ್ನಾಟಕದ ನೆಲದ ಅಡಿಗಲ್ಲು ನೀಸ್ ಎಂಬ ಪಟ್ಟೆಪಟ್ಟೆಯ ಶಿಲೆಯಾಗಿದೆ. ಹಾಸನ ಜಿಲ್ಲೆಯ ಗೊರೂರು ಹೊಳೆನರಸೀಪುರಗಳ ಕಡೆಯಲ್ಲಿ ಅದರ ವಯಸ್ಸು ೩೩೦ ಕೋಟಿ ವರ್ಷಗಳಿಗೂ ಹೆಚ್ಚು. ಈ ಹಳೆಯ ನೆಲವು ಅಲ್ಲಲ್ಲಿ ಕುಸಿದು ಅದರ ಮೇಲೆ ಸಮುದ್ರಗಳು ಹರಡಿದವು. ಇದಕ್ಕೆ ಪ್ರಮಾಣವೇನೆಂದು ಕೇಳುವವರು ಹೊಳಲ್ಕೆರೆಯ ಹತ್ತಿರದ ತಾಳ್ಯಕ್ಕೆ ಹೋಗಬೇಕು. ಅಲ್ಲಿಯ ಧಾರವಾಡದ ಶಿಲೆಯೊಳಗೆ ನೀಸಿನ ಗುಂಡುಗಳು ಹುದುಗಿವೆ. ಮಗನ ಮನೆಯ ಗೋಡೆಯಲ್ಲಿ ತಂದೆಯ ಮನೆಯ ಕಲ್ಲುಗಳು ಸಿಕ್ಕಿದರೆ ಯಾವುದು ಮೊದಲಿನದೆಂದು ಕೇಳಬೇಕಾದುದಿಲ್ಲ. ಆ ಸಮುದ್ರಗಳ ತಳದಲ್ಲಿ ಲಾವಾರಸವು ಉಕ್ಕಿತು. ನೀರಿನಲ್ಲಿ ಉಕ್ಕಿದ ಲಾವಾರಸವು ದಿಂಬಿನಾಕಾರದ ಮುದ್ದೆಗಳಾಗಿ ಒಂದರ ಮೇಲೊಂದು ಬಿದ್ದು ಗಟ್ಟಿಯಾಗುತ್ತದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಅಂಥ ದಿಂಬುಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಅವನ್ನು ರಾಷ್ಟ್ರೀಯ ಭೂಸ್ಮಾರಕವೆಂದು ಕಾಯ್ದಿರಿಸಿರುವರು. ಕಪ್ಪತಗುಡ್ಡವು ಈ ಚಿತ್ರದುರ್ಗದ ಶಿಲಾಪಟ್ಟಿಯ ಬಡಗಣ ತುದಿಯೇ ಆಗಿದೆ. ಲಾವಾರಸದ ಜೊತೆಗೆ ಕೆಸರೂ ಮರಳೂ ಅಡಕವಾದವು. ಆಗಿನ ವಾಯುಮಂಡಲದಲ್ಲಿ ಪ್ರಾಣವಾಯುವು ಇಲ್ಲವೆನ್ನುವಷ್ಟು ಅಲ್ಪವಾಗಿದ್ದುದರಿಂದ ಸಮುದ್ರದ ನೀರಿನಲ್ಲಿ ಕಬ್ಬಿಣವು ಕರಗಿಕೊಂಡೇ ಇತ್ತು. ಅದು ತಳಕ್ಕಿಳಿದು ಕೆಂಪು ಕರಿಯ ಪಟ್ಟೆಗಳ ಕಬ್ಬಿಣದ ಅದಿರಾಯಿತು. ಗುಡ್ಡದ ನೆತ್ತಿಯ ಕೆಂಗಲ್ಲು ಇದೇ. ಸಂಡೂರಿನ ಅದಿರೂ ಇದೇ ಬಗೆಯದು. ಇದೆಲ್ಲ ನಡೆದುದು ಸುಮಾರು ೨೭೫ರಿಂದ ೨೬೦ ಕೋಟಿ ವರ್ಷಗಳ ಹಿಂದೆ.

ಇಲ್ಲಿಯವರೆಗೆ ಹೊನ್ನಿನ ಸುದ್ದಿಯೇ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಬ್ಬಿಣದ ಅದಿರು ಶಿಲೆಯ ಒಡಹುಟ್ಟಿದುದು, ಹೊನ್ನು ಹಾಗಲ್ಲ. ಅದು ಶಿಲೆಯು ಹುಟ್ಟಿ, ಮಡಿಕೆಬಿದ್ದು, ಸೀಳಿಹೋದ ಮೇಲೆ ಹೊರಗಿನಿಂದ ಬಂದು ಸೇರಿದ ಅತಿಥಿ. ಲಾವಾರಸವು ಉಕ್ಕುವಾಗಲೇ ಹೊನ್ನಿನ ನಾಳಗಳೂ ಉಂಟಾದುವೆಂದು ತಿಳಿದರೆ ಗುಡ್ಡದ ತುಂಬ ಹೊನ್ನಿರಬೇಕೆಂಬ ಭ್ರಾಂತಿಗೆ ಎಡೆಯಾಗುತ್ತದೆ.

ಸಾಮಾನ್ಯವಾದ ಒಂದು ಟನ್ನು ಕಲ್ಲಿನಲ್ಲಿ ಹೊನ್ನು ಕೆಲವೇ ಮಿಲಿಗ್ರಾಮುಗಳಷ್ಟಿರುತ್ತದೆ. ಗಣಿಗಾರನಿಗೆ ಟನ್ನಿಗೆ ಕೆಲವು ಗ್ರಾಮುಗಳಾದರೂ ಬೇಕು. ಎಂದರೆ ಪ್ರಕೃತಿಯು ಅದನ್ನು ಸಾವಿರ ಮಡಿಯಷ್ಟು ಒಟ್ಟುಗೂಡಿಸಿ ಕೊಡಬೇಕು. ಈ ಕೆಲಸಕ್ಕೆ ಒಬ್ಬ ಸಾಗಣೆಗಾರನು ಬೇಕಷ್ಟೆ, ಅವನೇ ನೀರು. ಹೊನ್ನು ನೀರಿನಲ್ಲಿ ಕರಗದೆಂದು ಎಲ್ಲರೂ ಬಲ್ಲರು. ಆದರೆ ಅದು ನಮಗೆ ಪರಿಚಿತವಾದ ನೀರಿನ ಮಾತು. ಶಿಲಾಪಟ್ಟಿಯು ಭೂಮಿಯ ಒತ್ತಡದಿಂದ ಮಡಿಚಿ ಆಳಕ್ಕೆ ಇಳಿದಾಗ ಅಲ್ಲಿಯ ಶಾಖವು ೫೦೦ ಅಂಶಗಳವರೆಗೆ ಏರಿತು. ಶಿಲೆಯ ಖನಿಜಗಳಲ್ಲಿ ಸೆರೆಯಾಗಿದ್ದ ನೀರೂ ಇಂಗಾಲಾಮ್ಲವೂ ಗಂಧಕವೂ ಆಗ ಬಿಡುಗಡೆಯಾದವು. ಗಂಧಕವನ್ನು ಹೊತ್ತ ಅಂಥ ಬಿಸಿನೀರಿನಲ್ಲಿ ಹೊನ್ನು ಗಂಧಕದೊಡನೆ ಕೂಡಿಕೊಂಡು ಕರಗುತ್ತದೆ. ಎಷ್ಟೋ ಘನ ಕಿಲೊಮೀಟರು ಶಿಲೆಯಿಂದ ಚಿಟಿಕೆ ಚಿಟಿಕೆಯಾಗಿ ಹೊನ್ನನ್ನು ಎತ್ತಿಕೊಂಡು ಆ ನೀರು ಮೇಲಕ್ಕೆ ದಾರಿಯನ್ನು ಹುಡುಕಿತು.

ದಾರಿಯನ್ನು ತೆರೆದುದು ಭೂಕಂಪ. ಕೆಳಗಿನ ನೀರಿನ ಒತ್ತಡವು ಹೆಚ್ಚಿ ಹೆಚ್ಚಿ, ಬಿರುಕು ಒಮ್ಮೆಲೆ ಬಾಯ್ಬಿಡುವುದು, ನೀರು ನುಗ್ಗುವುದು, ಒತ್ತಡವು ಇಳಿದೊಡನೆ ನೀರಿನಲ್ಲಿದ್ದ ಸಿಲಿಕವು ಬೆಳ್ಳನೆಯ ಬೆಣಚುಕಲ್ಲಾಗಿ ಗಟ್ಟಿಯಾಗಿ ಬಿರುಕನ್ನು ಮುಚ್ಚುವುದು. ಮತ್ತೆ ಒತ್ತಡ, ಮತ್ತೆ ಬಿರುಕು. ಇದು ಸಾವಿರಾರು ಸಲ ನಡೆದಿರಬೇಕು; ಅನೇಕ ಬೆಣಚಿನ ನಾಳಗಳಲ್ಲಿ ಹಾಳೆಯ ಮೇಲೆ ಹಾಳೆ ಇಟ್ಟಂತೆ ಕಾಣುವ ಗೆರೆಗಳು ಅದರ ಗುರುತುಗಳು. ಇನ್ನು ಹೊನ್ನು ಇಳಿದ ಬಗೆಯನ್ನು ನೋಡಬೇಕು. ಹಸುರುಗಪ್ಪು ಶಿಲೆಯಲ್ಲಿ ಕಬ್ಬಿಣವು ಸಮೃದ್ಧವಾಗಿದೆ. ಗಂಧಕಕ್ಕೆ ಹೊನ್ನಿಗಿಂತ ಕಬ್ಬಿಣದ ಮೇಲೆ ಒಲವು ಹೆಚ್ಚು. ನಾಳದ ಎರಡೂ ಗೋಡೆಗಳ ಕಬ್ಬಿಣವನ್ನು ಕಂಡೊಡನೆ ಗಂಧಕವು ಅದನ್ನು ಕೂಡಿಕೊಂಡು ಹೊನ್ನಿನ ಕೈಯನ್ನು ಬಿಟ್ಟಿತು. ಆಧಾರವು ತಪ್ಪಿದ ಹೊನ್ನು ಅಲ್ಲಿಯೇ ಕುಳಿತಿತು. ಸೊರಟೂರಿನ ಹಳ್ಳಗಳ ವಿಷಯದಲ್ಲಿ ಫೂಟ್ ಅವರು ಕಂಡ ಭೇದಕ್ಕೆ ಕಾರಣವು ಹೀಗೆ ದೊರೆಯುತ್ತದೆ. ಇದೆಲ್ಲ ನಡೆದುದು ನೆಲದ ಮೇಲಲ್ಲ. ಹಲವು ಕಿಲೊಮೀಟರು ಆಳದಲ್ಲಿ, ಸುಮಾರು ೩೦೦ ಅಂಶಗಳ ಶಾಖದಲ್ಲಿ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದರಷ್ಟೆ. ಅದರ ಆಕರಾಧ್ಯಕ್ಷಪ್ರಕರಣದಲ್ಲಿ, ಬೆಟ್ಟದ ಬಿಲಗಳಿಂದಲೂ ಗುಹೆಗಳಿಂದಲೂ ಜಿನುಗುವ ಬಗೆಬಗೆಯ ಬಣ್ಣದ ರಸಗಳು ಹೊನ್ನನ್ನು ಒಳಗೊಂಡಿರುತ್ತವೆಂದು ಹೇಳಿದೆ. ಇದನ್ನು ಓದಿ, ಬಿಸಿನೀರಿನ ಈ ಸಿದ್ಧಾಂತವು ಕೌಟಿಲ್ಯನಿಗೆ ತಿಳಿದಿತ್ತೆಂದು ಹಿಗ್ಗುವುದು ಪಾಂಡಿತ್ಯಕ್ಕೆ ಶೋಭೆಯಲ್ಲ. ಅವನು ಹೇಳಿದುದು ಗಣಿಯನ್ನು ಹುಡುಕುವವನು ನೋಡಬೇಕಾದ ಹೊರಗುರುತುಗಳನ್ನು. ಗುರುತುಗಳನ್ನು ಕಣ್ಣಿಟ್ಟು ನೋಡಿ ಬರೆದಿಡುವ ಶ್ರದ್ಧೆಯಿತ್ತಲ್ಲ, ಅದು ಮೆಚ್ಚತಕ್ಕದ್ದು.

ಹೊನ್ನಿಗೆ ತನ್ನ ವಯಸ್ಸನ್ನು ಹೇಳುವ ಶಕ್ತಿಯಿಲ್ಲ. ಆದರೆ ಅದೇ ಬಿಸಿನೀರಿನಿಂದ ಅದರೊಡನೆ ಹುಟ್ಟಿದ ಮೊನಜೈಟ್, ಕ್ಸೆನೊಟೈಮ್ ಎಂಬ ಅತಿಸೂಕ್ಷ್ಮ ಖನಿಜಕಣಗಳಿಗೆ ಆ ಶಕ್ತಿಯಿದೆ. ಅವುಗಳಲ್ಲಿ ಯುರೇನಿಯಂ ಇರುತ್ತದೆ. ಅದು ನಿಯತವಾದ ಗತಿಯಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಯುರೇನಿಯಂ ೨೩೮ರ ಅರ್ಧವು ಸೀಸವಾಗಲು ಸುಮಾರು ೪೪೭ ಕೋಟಿ ವರ್ಷಗಳು ಹಿಡಿಯುತ್ತವೆ. ಕಣದಲ್ಲಿ ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆಯೆಂದು ಅಳೆದರೆ ಕಣದ ಜನ್ಮಕಾಲವು ತಿಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತಿಕ ಸಂಶೋಧನಾಲಯದ ವಿದ್ವಾಂಸರೂ ಆಸ್ಟ್ರೇಲಿಯದ ವಿದ್ವಾಂಸರೂ ಕೂಡಿ, ಧಾರವಾಡದ ಪ್ರಾಚೀನ ಭೂಖಂಡದ ಪಶ್ಚಿಮ ಭಾಗದ ಹೊನ್ನಿನ ನಾಳಗಳ ಇಂಥ ಕಣಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಫಲವನ್ನು ಪ್ರಕಟಿಸಿದರು. ಅದರಂತೆ ಹೊನ್ನು ಬಂದು ಕುಳಿತುದು ೨೫೨ ಕೋಟಿ ವರ್ಷಗಳ ಹಿಂದೆ. ಎಂದರೆ ಆಶ್ರಯವಾದ ಶಿಲೆಗಳು ಹುಟ್ಟಿ ಎಂಟು ಹತ್ತು ಕೋಟಿ ವರ್ಷಗಳೋ ಇನ್ನೂ ಹೆಚ್ಚೋ ಕಳೆದ ಮೇಲೆ.

ಪುರಾಣಗಳನ್ನು ಓದಿದ ಮನೆಗಳಲ್ಲಿ ಈ ಕೋಟಿಗಳು ಯಾರನ್ನೂ ಬೆದರಿಸಲಾರವು. ಬ್ರಹ್ಮನ ಒಂದು ಹಗಲು ೪೩೨ ಕೋಟಿ ವರ್ಷಗಳೆಂದು ಪಂಚಾಂಗದ ಮೊದಲ ಪುಟದಲ್ಲಿಯೇ ಲೆಕ್ಕವಿದೆ. ಭೂಮಿಯ ವಯಸ್ಸನ್ನು ವಿಜ್ಞಾನವು ಸುಮಾರು ೪೫೪ ಕೋಟಿಯೆನ್ನುತ್ತದೆ. ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಬಂದುದನ್ನು ಸಾಕ್ಷ್ಯವೆಂದು ಭಾವಿಸಲಾಗದು. ಒಂದು ಗಣಿತದ ಕಲ್ಪನೆ, ಇನ್ನೊಂದು ಕಲ್ಲಿನ ಅಳತೆ. ಆದರೂ ಅಷ್ಟು ದೊಡ್ಡ ಕಾಲವನ್ನು ಮನಸ್ಸಿನಲ್ಲಿ ತಂದುಕೊಳ್ಳುವ ರೂಢಿಯಿದ್ದವರಿಗೆ ಭೂಶಾಸ್ತ್ರವು ಸ್ವಲ್ಪ ಸುಲಭವಾದೀತು.

೨೫೨ ಕೋಟಿ ಎಂಬ ಈ ಸಂಖ್ಯೆಯ ಮಹತ್ವವು ಬೇರೊಂದರಲ್ಲಿದೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆಯೆಂಬ ಹೆಸರಿನಿಂದಲೇ ಕರೆಯಲ್ಪಡುವ ಗ್ರಾನೈಟ್ ಶಿಲೆಯ ಪಟ್ಟಿಯು ಕರ್ನಾಟಕದ ನಡುವೆ ಉತ್ತರ ದಕ್ಷಿಣವಾಗಿ ಸುಮಾರು ೪೦೦ ಕಿಲೊಮೀಟರು ಹಬ್ಬಿದೆ. ಅದು ಆಳದಿಂದ ಕರಗಿ ಮೇಲೆದ್ದುದೂ ಇದೇ ಕಾಲದಲ್ಲಿ. ಪಶ್ಚಿಮದ ಹಳೆಯ ಭೂಖಂಡವೂ ಪೂರ್ವದ ಎಳೆಯ ಭೂಖಂಡವೂ ಒಂದಕ್ಕೊಂದು ಒತ್ತಿ ಬೆಸೆದುಕೊಂಡು ದಕ್ಷಿಣ ಭಾರತದ ನೆಲವು ಕೊನೆಯದಾಗಿ ಗಟ್ಟಿಗೊಂಡ ಕಾಲವದು. ಆ ಬೆಸುಗೆಯ ಗೆರೆಯು ಚಿತ್ರದುರ್ಗದ ಶಿಲಾಪಟ್ಟಿಯ ಮೂಡಣ ಅಂಚಿನಲ್ಲಿ ಹಾಯುತ್ತದೆಂದು ಬಹುಮಂದಿಯ ಅಭಿಪ್ರಾಯ. ಕಪ್ಪತಗುಡ್ಡವು ಅದರ ಮಗ್ಗುಲಲ್ಲಿಯೇ ಇದೆ. ಅಕ್ಕಸಾಲಿಗನು ಎರಡು ತುಣುಕುಗಳನ್ನು ಬೆಸೆಯುವಾಗ ಕೀಲಿನಲ್ಲಿಯೇ ಕಾವು ಹೆಚ್ಚಿ ರಸವು ಹರಿಯುವಂತೆ, ಭೂಖಂಡಗಳ ಕೀಲಿನಲ್ಲಿ ಬಿಸಿನೀರು ಹರಿಯಿತು. ರಾಯಚೂರು ಜಿಲ್ಲೆಯ ಹಟ್ಟಿಯ ಹೊನ್ನಿಗೂ ಸುಮಾರು ೨೫೫ ಕೋಟಿ ವರ್ಷಗಳ ವಯಸ್ಸು ಸಿಕ್ಕಿದೆ. ಆಸ್ಟ್ರೇಲಿಯದ ಕಾಲ್ಗೂರ್ಲಿ, ಕೆನಡದ ಅಬಿಟಿಬಿ ಮುಂತಾದ ಕಡೆಗಳಲ್ಲಿಯೂ ಪ್ರಾಚೀನ ಭೂಖಂಡಗಳು ಗಟ್ಟಿಯಾಗುವ ಕೊನೆಯ ಘಟ್ಟದಲ್ಲಿಯೇ ಹೊನ್ನು ಬಂದಿರುವುದರಿಂದ, ಇದು ಒಂದೆಡೆಯ ಆಕಸ್ಮಿಕವಲ್ಲವೆಂದು ಹೇಳಬೇಕಾಗುತ್ತದೆ.

ಆಳದಲ್ಲಿ ಹುಟ್ಟಿದ ನಾಳವು ಇಂದು ಗುಡ್ಡದ ಮೈಮೇಲೆ ಕಾಣಿಸುತ್ತಿರಲು ಕಾರಣವು ಗಾಳಿ ಮಳೆಗಳ ಸವೆತ. ಮೇಲಿದ್ದ ಕಿಲೊಮೀಟರುಗಟ್ಟಲೆ ಶಿಲೆಯು ಯುಗಯುಗಗಳಲ್ಲಿ ಕರಗಿ ಸಮುದ್ರಕ್ಕೆ ಹೋಯಿತು. ಅದರೊಡನೆ ನಾಳಗಳ ಮೇಲ್ಭಾಗವೂ ಅದರ ಹೊನ್ನೂ ಹೋದವು. ಜಲಗಾರನ ಮರಿಗೆಗೆ ಬಂದ ಕಣಗಳು ಈ ಸವೆತದ ತೀರ ಇತ್ತೀಚಿನ ಪಾಲು.

ಹಾಗಾದರೆ ಕೋಲಾರಕ್ಕೆ ಒದಗಿದ ಭಾಗ್ಯವು ಕಪ್ಪತಗುಡ್ಡಕ್ಕೆ ಏಕೆ ಒದಗಲಿಲ್ಲ? ಕೋಲಾರದ ಚಾಂಪಿಯನ್ ನಾಳವು ಉದ್ದಕ್ಕೂ ಆಳಕ್ಕೂ ಅಖಂಡವಾಗಿ ಸಾಗಿತ್ತು. ೩ ಕಿಲೊಮೀಟರಿಗೂ ಹೆಚ್ಚು ಆಳಕ್ಕೆ ಅಗೆದು, ೧೨೦ ವರ್ಷಗಳ ಅವಧಿಯಲ್ಲಿ ಸುಮಾರು ೮೦೦ ಟನ್ನು ಹೊನ್ನನ್ನು ತೆಗೆದರು. ಗದಗದ ನಾಳಗಳು ತುಂಡುತುಂಡಾಗಿವೆ. ಇಲ್ಲಿ ಉಬ್ಬಿ ಅಲ್ಲಿ ಬತ್ತುತ್ತವೆ. ಮೇಲಾಗಿ ಇಲ್ಲಿಯ ಹೊನ್ನಿನ ಬಹುಭಾಗವು ಕಬ್ಬಿಣ, ಗಂಧಕ, ಪಾಷಾಣಗಳು ಕೂಡಿದ ಖನಿಜದ ನಂಟನ್ನು ಹಿಡಿದಿದೆ. ಪಾಷಾಣವೆಂದರೆ ವಿಷವೆಂದೇ ಪ್ರಸಿದ್ಧವಾದ ಆರ್ಸೆನಿಕ್. ಹೊನ್ನನ್ನು ಸಯನೈಡಿನಿಂದ ಕರಗಿಸಿ ತೆಗೆಯುವ ವಿಧಾನವು ೧೮೮೭ರಲ್ಲಿ ಕಂಡುಹಿಡಿಯಲ್ಪಟ್ಟಿತು. ಆದರೆ ಇಂಥ ಖನಿಜದೊಳಗೆ ಅಡಗಿದ ಹೊನ್ನಿಗೆ ಸಯನೈಡಿನ ನೀರು ಸುಲಭವಾಗಿ ತಾಗುವುದಿಲ್ಲ. ಮೊದಲು ಹುರಿಯಬೇಕು, ಹುರಿದರೆ ಪಾಷಾಣವು ಹೊಗೆಯಾಗಿ ಏಳುತ್ತದೆ. ಹುರಿಯದೆ ಬಿಸುಟ ಪುಡಿಯಿಂದಲೂ ಅದು ಮಳೆನೀರಿನಲ್ಲಿ ಇಳಿಯಬಲ್ಲದು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಅಲ್ಲಿಯ ಸಯನೈಡಿನ ದಿಬ್ಬಗಳು ಊರ ನಡುವೆ ಉಳಿದುಕೊಂಡವು, ಬೇಸಗೆಯ ಗಾಳಿಗೆ ಅವುಗಳ ಧೂಳು ಮನೆಗಳಿಗೆ ನುಗ್ಗುತ್ತದೆ. ಶ್ರೀಮಂತ ಗಣಿಯ ಗತಿಯೇ ಹೀಗಾದರೆ ಬಡ ಗಣಿಯ ವಿಚಾರವನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು.

ಈ ವಿಚಾರವು ಪುಸ್ತಕದ್ದಾಗಿ ಉಳಿಯಲಿಲ್ಲ. ಹೊನ್ನಿನ ಬೆಲೆಯು ಏರಿದಂತೆಲ್ಲ ಕಂಪನಿಗಳ ಕಣ್ಣು ಮರಳಿ ಗುಡ್ಡದ ಮೇಲೆ ಬಿದ್ದಿತು. ೨೦೧೫ರ ಡಿಸೆಂಬರಿನಲ್ಲಿ ಸರಕಾರವು ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಮರುವರ್ಷದ ನವೆಂಬರಿನಲ್ಲಿ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದಾಳುಗಳಾಗಿ ನಿಂತರು. ರೈತರು, ವಿದ್ಯಾರ್ಥಿಗಳು, ಸಾಹಿತಿಗಳು ಕೂಡಿ ಸತ್ಯಾಗ್ರಹ ನಡೆಯಿಸಿದರು. ೨೦೧೭ರ ಏಪ್ರಿಲಿನಲ್ಲಿ ಆಜ್ಞೆಯು ಮತ್ತೆ ಹೊರಟಿತು. ೨೦೧೯ರಲ್ಲಿ ೨೪೪ ಚದರ ಕಿಲೊಮೀಟರು ಪ್ರದೇಶವು ವನ್ಯಜೀವಿಧಾಮವೆನಿಸಿತು. ಚಳವಳಿಯ ವಿರೋಧಿಗಳು, ಹೊನ್ನನ್ನು ನೆಲದಲ್ಲಿ ಕೊಳೆಯಗೊಡುವುದು ದಡ್ಡತನವೆಂದು ವಾದಿಸಿದರು. ಹೊನ್ನು ಕೊಳೆಯುವುದಿಲ್ಲ, ೨೫೨ ಕೋಟಿ ವರ್ಷ ಅಲ್ಲಿಯೇ ಇದ್ದುದಕ್ಕೆ ಇನ್ನೊಂದು ಶತಮಾನವು ಭಾರವಾಗದು. ಆದರೆ ಗುಡ್ಡವು ಬರಿದಾದರೆ ಡೋಣಿ ಡಂಬಳಗಳ ಕೆರೆಗಳಿಗೆ ಇಳಿಯುವ ನೀರು ಎರಡು ಮಳೆಗಾಲಗಳಲ್ಲಿಯೇ ಕೆಡುವುದು. ಮುಂಗಾರು ಮೊದಲೇ ನಂಬಿಕೆಯಿಲ್ಲದ ಈ ಬಯಲುಸೀಮೆಯಲ್ಲಿ ಅಂಥ ನೀರಿನ ಬೆಲೆಯನ್ನು ಟನ್ನಿಗಿಷ್ಟು ಗ್ರಾಮೆಂದು ಅಳೆಯಲು ಬರುವಂತಿಲ್ಲ. ಸದ್ಯಕ್ಕೆ ಹಳೆಯ ಗಣಿಯ ಕುಳಿಗಳ ಮೇಲೆ ಕುರುಚಲು ಗಿಡಗಳು ಬೆಳೆದಿವೆ. ಸೊರಟೂರಿನ ಹಳ್ಳದಲ್ಲಿ ದೊಡ್ಡ ಮಳೆಯಾದಾಗ ಕರಿಯ ಉಸುಕು ಈಗಲೂ ಇಳಿದುಬರುತ್ತದೆ; ಮರಿಗೆಯನ್ನು ಹಿಡಿದು ಅದರ ದಾರಿ ಕಾಯುವ ಜಲಗಾರರು ಮಾತ್ರ ಇಲ್ಲ.